ಪೀಣ್ಯದಲ್ಲೊಂದು ವೃತ್ತ

ಈ ಸಲದ ಬರಹ ಯಂತ್ರಗಳ ಕುರಿತದ್ದು. ನಿವೃತ್ತ ಗಣಿತ ಶಿಕ್ಷಕನಿಗೂ ಲೋಹ ಕೊರೆಯುವ ಯಂತ್ರಕ್ಕೂ ಏನು ಸಂಬಂಧವೆಂದು ನೀವು ಹುಬ್ಬೇರಿಸಿದರೆ ಅದು ಸಹಜವೇ. ಸಂಬಂಧವಿದೆ. ಅದೂ ನಾನು ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ಬೋಧಿಸಿದ ಎರಡು ಪಾಠಗಳ ಮೂಲಕವೇ ಇದೆ: ಒಂದು ನಿರ್ದೇಶಾಂಕ ರೇಖಾಗಣಿತ, ಇನ್ನೊಂದು ಪೈಥಾಗೊರಸನ ಪ್ರಮೇಯ. ಪ್ರತಿವರ್ಷವೂ ಹಿಂದಿನ ಬೆಂಚಿನಿಂದ ಒಬ್ಬನಾದರೂ ಎದ್ದು ನಿಂತು, "ಇದು ಮುಂದೆ ಎಲ್ಲಿ ಉಪಯೋಗಕ್ಕೆ ಬರುತ್ತೆ ಸಾರ್?" ಎಂದು ಕೇಳುತ್ತಿದ್ದ. ಸೇತುವೆ, ಅಣೆಕಟ್ಟು, ಉಪಗ್ರಹ ಎಂದು ದೊಡ್ಡ ದೊಡ್ಡ ಹೆಸರುಗಳನ್ನೇ ನಾನು ಹೇಳುತ್ತಿದ್ದೆ. ಹಾಗೆ ಕೇಳಿದವರಲ್ಲೊಬ್ಬ ಇಂದು ಬೆಂಗಳೂರಿನ ಪೀಣ್ಯದಲ್ಲಿ ಸಣ್ಣದೊಂದು ವರ್ಕ್‌ಶಾಪಿನ ಮಾಲೀಕ. ಹೆಸರು ಬರೆಯುವುದು ಅವನಿಗೆ ಸಂಕೋಚ. ಆದ್ದರಿಂದ 'ನನ್ನ ಶಿಷ್ಯ' ಎಂದಷ್ಟೇ ಕರೆಯುತ್ತೇನೆ.

ನಿವೃತ್ತಿಯ ನಂತರ ನಾನು ದಾಸರಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ವಾರಕ್ಕೊಮ್ಮೆ ಪೀಣ್ಯದ ಕಡೆಗೆ ನಡೆದುಹೋಗಿ, ಶಿಷ್ಯನ ಶೆಡ್ಡಿನಲ್ಲಿ ಒಂದು ಲೋಟ ಕಾಫಿ ಕುಡಿದು ಬರುವುದು ರೂಢಿಯಾಗಿದೆ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ. ಆರಂಭವಾದದ್ದು, 1962ರಲ್ಲಿ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣಗಳ ಕೇಂದ್ರ ಸಂಸ್ಥೆ ಸ್ಥಾಪನೆಯಾದದ್ದು, ಅವುಗಳ ನೆರಳಿನಲ್ಲಿ ಪೀಣ್ಯದಲ್ಲಿ ಶೆಡ್ಡಿನ ಪಕ್ಕ ಶೆಡ್ಡು ಎದ್ದದ್ದು, ಇವೆಲ್ಲ ನನ್ನ ತಲೆಮಾರಿನವರು ಬಲ್ಲ ಸಂಗತಿಗಳೇ. ಅಲ್ಲಿನ ಗಲ್ಲಿಗಳಲ್ಲಿ ನಡೆಯುವಾಗ ಮೂಗಿಗೆ ಬಡಿಯುವ ಕೂಲೆಂಟ್ ಎಣ್ಣೆಯ ವಾಸನೆ ನನಗೆ ಈಗ ಸೀಮೆಸುಣ್ಣದ ಪುಡಿಯ ವಾಸನೆಯಷ್ಟೇ ಪರಿಚಿತ. ಶಿಷ್ಯನ ಬಳಿ ಎರಡು ಹಳೆಯ ಲೇತ್‌ಗಳಿದ್ದವು. 2022ರಲ್ಲಿ ಬ್ಯಾಂಕಿನ ಸಾಲ ಮಾಡಿ ಒಂದು ವಿ.ಎಂ.ಸಿ. ಯಂತ್ರವನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ. ಕಂಪ್ಯೂಟರಿನ ಆಜ್ಞೆಯಂತೆ ತಾನೇ ಲೋಹವನ್ನು ಕೊರೆಯುವ, ಬೀರುವಿಗಿಂತ ದೊಡ್ಡದಾದ ಯಂತ್ರವದು. ಮನೆಯ ಪತ್ರ ಅಡವಿಟ್ಟು ತಂದದ್ದರಿಂದ ಶಿಷ್ಯ ಅದನ್ನು ನೋಡುವ ನೋಟದಲ್ಲಿ ಭಕ್ತಿಯೂ ಭಯವೂ ಸಮಪ್ರಮಾಣದಲ್ಲಿರುತ್ತಿದ್ದವು.

ಮುಂದಿನ ಸಂಗತಿ ಅರ್ಥವಾಗಬೇಕಾದರೆ ಈ ಯಂತ್ರಕ್ಕೆ ಆಜ್ಞೆ ತಲುಪುವ ಬಗೆಯನ್ನು ಸ್ವಲ್ಪ ಹೇಳಬೇಕು. ಮೊದಲು ಕಂಪ್ಯೂಟರಿನಲ್ಲಿ ವಸ್ತುವಿನ ನಕ್ಷೆಯನ್ನು ಬರೆಯುತ್ತಾರೆ. ಬಳಿಕ 'ಕ್ಯಾಮ್' ಎಂಬ ತಂತ್ರಾಂಶದಲ್ಲಿ ಯಾವ ಟೂಲು ಯಾವ ದಾರಿಯಲ್ಲಿ ಎಷ್ಟು ಆಳಕ್ಕೆ ಸಾಗಬೇಕೆಂದು ನಿಶ್ಚಯಿಸುತ್ತಾರೆ. ಅಷ್ಟಾದ ಮೇಲೆ ಒಂದು ಗುಂಡಿ ಒತ್ತಿದರೆ ಆ ದಾರಿಯೆಲ್ಲ ಸಾಲುಸಾಲು ಅಕ್ಷರ-ಅಂಕಿಗಳಾಗಿ ಹೊರಬರುತ್ತದೆ. ಇದಕ್ಕೆ ಜಿ-ಕೋಡ್ ಎಂದು ಹೆಸರು. ಜಿ01 ಎಂದರೆ ನೇರಗೆರೆಯಲ್ಲಿ ಸಾಗು. ಜಿ02 ಎಂದರೆ ಗಡಿಯಾರದ ದಿಕ್ಕಿನ ಕಂಸ. ಜಿ03 ಅದಕ್ಕೆ ವಿರುದ್ಧ ದಿಕ್ಕಿನದು. ಎಕ್ಸ್, ವೈ, ಜಡ್ ಎಂಬವು ನಮ್ಮ ಗ್ರಾಫ್ ಹಾಳೆಯ ನಿರ್ದೇಶಾಂಕಗಳೇ, ಮೂರನೆಯದೊಂದು ಸೇರಿದೆ, ಅಷ್ಟೆ.

ಈ ಲಿಪಿಗೆ ವಯಸ್ಸಾಗಿದೆ. ಅಮೆರಿಕದ ಎಂ.ಐ.ಟಿ. ಸಂಸ್ಥೆ 1952ರಲ್ಲಿ, ರಂಧ್ರ ಕೊರೆದ ಕಾಗದದ ಪಟ್ಟಿಯಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿತು. ಹೆಲಿಕಾಪ್ಟರಿನ ರೆಕ್ಕೆಗಳನ್ನು ನಿಖರವಾಗಿ ರೂಪಿಸಲು ಹೆಣಗುತ್ತಿದ್ದ ಜಾನ್ ಪಾರ್ಸನ್ಸ್ ಎಂಬಾತನ ಆಲೋಚನೆ ಅದರ ಮೂಲ. ಜಿ-ಕೋಡಿಗೆ ಅಮೆರಿಕದಲ್ಲಿ 1980ರಲ್ಲಿ ಮಾನಕವೊಂದು ಸ್ಥಿರವಾಯಿತು, 1982ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಬಂದಿತು. ಆದರೆ ವ್ಯಾಕರಣ ಪುಸ್ತಕ ಒಂದೇ ಇದ್ದ ಮಾತ್ರಕ್ಕೆ ಎಲ್ಲರೂ ಒಂದೇ ರೀತಿ ಮಾತನಾಡುತ್ತಾರೆಯೇ? ಧಾರವಾಡದವರು 'ಅಡ್ಡಿಯಿಲ್ಲ' ಎಂದರೆ ಅದು ಮೆಚ್ಚುಗೆ. ಮೈಸೂರಿನವನ ಕಿವಿಗೆ ಅದೇ ಮಾತು ಬರಿಯ ಅನುಮತಿಯಂತೆ ಕೇಳುತ್ತದೆ. ಯಂತ್ರ ಕಂಪನಿಗಳೂ ಹಾಗೆಯೇ, ತಮ್ಮ ತಮ್ಮ ಪ್ರಾಂತಭೇದಗಳನ್ನು ಉಳಿಸಿಕೊಂಡಿವೆ. ಆದ್ದರಿಂದ ಕ್ಯಾಮ್ ತಂತ್ರಾಂಶಕ್ಕೂ ಯಂತ್ರಕ್ಕೂ ನಡುವೆ ಒಬ್ಬ ದುಭಾಷಿ ಬೇಕು. ಅವನೇ 'ಪೋಸ್ಟ್ ಪ್ರೊಸೆಸರ್'. ಚಿಕ್ಕದಾಗಿ 'ಪೋಸ್ಟ್' ಎನ್ನುತ್ತಾರೆ. ತಂತ್ರಾಂಶದ ಪಟ್ಟಿಯಲ್ಲಿ ಇಂಥ ದುಭಾಷಿಗಳು ಹತ್ತಾರು ಮಂದಿ ಇರುತ್ತಾರೆ. ನಮ್ಮ ಯಂತ್ರದ ಮಾತು ಬಲ್ಲವನನ್ನು ಆರಿಸಿಕೊಳ್ಳುವುದು ನಮ್ಮ ಹೊಣೆ.

2023ರ ಆಗಸ್ಟ್ ತಿಂಗಳ ಒಂದು ಶನಿವಾರ ನಾನು ಹೋದಾಗ ಶೆಡ್ಡಿನಲ್ಲಿ ಕಾಫಿಯ ಸುಳಿವಿರಲಿಲ್ಲ. ಅಲ್ಯೂಮಿನಿಯಂ ಪ್ಲೇಟುಗಳಲ್ಲಿ ದುಂಡನೆಯ ಗುಳಿ ಕೊರೆದು ಕೊಡುವ ನಲವತ್ತು ಜಾಬ್‌ಗಳ ಆರ್ಡರ್ ಬಂದಿತ್ತು. ಹೊಸ ಗಿರಾಕಿ, ಮೊದಲ ಕೆಲಸ, ಸೋಮವಾರ ಸಂಜೆಯೊಳಗೆ ಕೊಡಬೇಕು. ನಕ್ಷೆಯನ್ನೂ ಟೂಲಿನ ದಾರಿಯನ್ನೂ ಸಿದ್ಧಪಡಿಸಿದವನು ಶಿಷ್ಯನ ಮಗ. ಡಿಪ್ಲೊಮಾ ಓದಿ, ಬಾಗಿಲುಗಳಿಗೆ ಹೂಬಳ್ಳಿ ಕೆತ್ತುವ ಮರದ ರೂಟರ್ ಯಂತ್ರದಲ್ಲಿ ಎರಡು ವರ್ಷ ಪಳಗಿ, ಅಪ್ಪನ ಕೈಗೆ ಸೇರಿದ ಚುರುಕು ಹುಡುಗ. ಯಂತ್ರದ ಮುಂದೆ ನಿಂತಿದ್ದವನು ಆಪರೇಟರ್. ಗದಗಿನ ಕಡೆಯವನು, ಐ.ಟಿ.ಐ. ಮುಗಿಸಿ ಬಂದವನು, ಮಿತಭಾಷಿ.

ಫೈಲು ಯಂತ್ರದೊಳಗೆ ಹೋಗುತ್ತಲೇ ಇರಲಿಲ್ಲ. ಇದು ಮೊದಲನೆಯ ತೊಡಕು, ಬಗೆಹರಿದದ್ದೂ ಬೇಗ. ಈ ಬಗೆಯ ಕಂಟ್ರೋಲುಗಳಿಗೆ ಫೈಲಿನ ತಲೆಗೂ ಬಾಲಕ್ಕೂ ಶೇಕಡಾ ಚಿಹ್ನೆಯಿರಬೇಕು. ಕಾಗದದ ಪಟ್ಟಿಯ ಕಾಲದಲ್ಲಿ, ಪಟ್ಟಿಯನ್ನು ಹಿಂದಕ್ಕೆ ಸುತ್ತುವಾಗ ಇಲ್ಲಿ ನಿಲ್ಲು ಎಂದು ಹೇಳುತ್ತಿದ್ದ ಗುರುತು ಅದು. ಪಟ್ಟಿ ಹೋಗಿ ದಶಕಗಳಾದರೂ ಗುರುತು ಉಳಿದಿದೆ, ತೀರಿಹೋದ ಯಜಮಾನನ ಹೆಸರಿನಲ್ಲಿಯೇ ಬರುವ ಕರೆಂಟು ಬಿಲ್ಲಿನಂತೆ! ಅದರ ಕೆಳಗೆ 'ಓ' ಅಕ್ಷರ ಮತ್ತು ನಾಲ್ಕಂಕಿಯ ಕ್ರಮಸಂಖ್ಯೆ. ಹುಡುಗನ ಫೈಲಿನಲ್ಲಿ ಶೇಕಡಾ ಚಿಹ್ನೆಯೂ ಇರಲಿಲ್ಲ, ಸಂಖ್ಯೆಯೂ ಇರಲಿಲ್ಲ. ಅವೆರಡನ್ನೂ ಕೈಯಿಂದ ಸೇರಿಸಿದ ಮೇಲೂ ಯಂತ್ರ ಎರಡನೆಯ ಸಾಲಿಗೇ ನಿಂತಿತು. ನೋಡಿದರೆ, ಹುಡುಗ ಜಾಬ್‌ಗೆ ಗಿರಾಕಿಯ ಹೆಸರನ್ನು ಕನ್ನಡದಲ್ಲಿಯೇ ಕೊಟ್ಟಿದ್ದ. ತಂತ್ರಾಂಶ ಅದನ್ನು ಟಿಪ್ಪಣಿಯಾಗಿ ಆವರಣದೊಳಗೆ ಬರೆದುಕೊಂಡಿತ್ತು. ಯಂತ್ರಕ್ಕೆ ಇಂಗ್ಲಿಷಿನ ದೊಡ್ಡಕ್ಷರಗಳ ಹೊರತು ಬೇರೇನೂ ತಿಳಿಯದು. ಕನ್ನಡ ಅಕ್ಷರಗಳನ್ನು ಅಳಿಸಿದಾಗ ಫೈಲು ಒಳಹೋಯಿತು. ಅಳಿಸಿದ್ದು ಅನಿವಾರ್ಯವೇ ಆದರೂ ನನಗೆ ಒಂದು ಕ್ಷಣ ಪಿಚ್ಚೆನಿಸಿತೆಂಬುದನ್ನು ಮುಚ್ಚಿಡಲಾರೆ.

ಇಷ್ಟು ಸಣ್ಣ ಫೈಲಿನಲ್ಲಿ ಎರಡು ಲೋಪಗಳು ಕಂಡಾಗಲೇ, ದುಭಾಷಿ ಈ ಮನೆಯವನಲ್ಲವೆಂಬ ಅನುಮಾನ ಬರಬೇಕಿತ್ತು ಎಂದು ಆಪರೇಟರ್ ಆಮೇಲೆ ಹೇಳಿದ. ಆ ಹೊತ್ತಿಗೆ ಎಲ್ಲರಿಗೂ ಅವಸರವಿತ್ತು. ಯಂತ್ರ ಓಡಿತು, ಟೂಲು ನೇರವಾಗಿ ಗುಳಿಯ ಅಂಚಿನ ಬಿಂದುವಿಗೆ ಬಂದಿತು, ವೃತ್ತ ಆರಂಭಿಸಬೇಕು ಎನ್ನುವಾಗ ಕೆಂಪು ಅಲಾರ್ಮ್ ಕೊಟ್ಟು ನಿಂತುಬಿಟ್ಟಿತು. ಕಂಸದ ತ್ರಿಜ್ಯ ಹೊಂದಿಕೆಯಾಗುತ್ತಿಲ್ಲವೆಂಬುದು ಪರದೆಯ ಮೇಲಿನ ಸಂದೇಶದ ತಾತ್ಪರ್ಯ.

ತ್ರಿಜ್ಯ ಎಂಬ ಮಾತು ಕಿವಿಗೆ ಬಿದ್ದೊಡನೆ ನಾನು ಸ್ಟೂಲಿನಿಂದ ಎದ್ದೆ. ಹುಡುಗ ಕಂಪ್ಯೂಟರಿನಲ್ಲಿ ಟೂಲಿನ ಚಲನೆಯನ್ನು ಮತ್ತೆ ಮತ್ತೆ ಓಡಿಸಿ ತೋರಿಸುತ್ತಿದ್ದ. ಪರದೆಯ ಮೇಲೆ ಚಿಕ್ಕ ಟೂಲು ಪ್ಲೇಟಿನಲ್ಲಿಳಿದು ಅಚ್ಚುಕಟ್ಟಾದ ಗುಳಿಯನ್ನು ಕೊರೆಯುತ್ತಿತ್ತು. "ನೋಡಿ ತಾತ, ಇಲ್ಲಿ ಎಲ್ಲಾ ಕರೆಕ್ಟಾಗಿದೆ. ಮಿಷಿನ್ನೇ ಏನೋ ತೊಂದರೆ ಕೊಡ್ತಿದೆ," ಎಂದ. ಹತ್ತು ನಿಮಿಷ ತಂತ್ರಾಂಶದ ಆಯ್ಕೆಗಳನ್ನೆಲ್ಲ ತಡಕಾಡಿ ಒಂದು ಉಪಾಯ ಕಂಡುಕೊಂಡ. ಅದುವರೆಗೆ ವೃತ್ತವನ್ನು ನಾಲ್ಕು ಕಾಲುವೃತ್ತಗಳಾಗಿ ಬರೆಯಲಾಗುತ್ತಿತ್ತು. ಅದನ್ನು ಬಿಟ್ಟು, ಇಡೀ ವೃತ್ತವನ್ನು ಒಂದೇ ಸಾಲಿನಲ್ಲಿ ಬರೆಯುವಂತೆ ಬದಲಾಯಿಸಿ ಮತ್ತೆ ಕೋಡ್ ತೆಗೆದ. ಯಂತ್ರದಲ್ಲಿ ಪರೀಕ್ಷಿಸಿದರು. ಅಲಾರ್ಮ್ ಬರಲಿಲ್ಲ! ಶಿಷ್ಯ ಮಗನ ಬೆನ್ನು ತಟ್ಟಿ, ಕಾಫಿ ತರಿಸಲು ಹೇಳಿ, "ಹಾಕಪ್ಪಾ ಪ್ಲೇಟು" ಎಂದ.

ಆಪರೇಟರ್ ಮಾತ್ರ ಕೈಕಟ್ಟಿ ನಿಂತಿದ್ದ. ಅವನ ಮಾತುಗಳು ನನಗೆ ಹಾಗೆಯೇ ನೆನಪಿವೆ: "ಅಲಾರಾಮ್ ಬಂದಾಗೇತ್ರಿ ಸರ. ಹಂಗಂತ ಪ್ರೋಗ್ರಾಮ್ ಸರಿ ಆಗೇತಿ ಅಂತ ಹೆಂಗ ನಂಬೂದು? ಒಮ್ಮೆ ಗಾಳ್ಯಾಗ ಓಡಸ್ತೀನ್ರಿ." ಹೊತ್ತಾಗುತ್ತಿದೆಯೆಂದು ಶಿಷ್ಯ ಗೊಣಗಿದ. ಆದರೂ ಆಪರೇಟರ್ ಬಿಡದೆ, ಜಡ್ ದಿಕ್ಕಿನಲ್ಲಿ ಎಲ್ಲ ಚಲನೆಯೂ 100 ಮಿಲಿಮೀಟರ್ ಮೇಲೆ ನಡೆಯುವಂತೆ ಆಫ್‌ಸೆಟ್ ಬದಲಿಸಿ, ವೇಗವನ್ನು ತಗ್ಗಿಸಿ, ಒಂದು ಬೆರಳನ್ನು ನಿಲ್ಲಿಸುವ ಗುಂಡಿಯ ಮೇಲಿಟ್ಟು ಯಂತ್ರ ಓಡಿಸಿದ.

ಟೂಲು ಪ್ಲೇಟಿನ ಮೇಲೆ ಗಾಳಿಯಲ್ಲಿ ಬಂದು, ಗುಳಿಯಿರಬೇಕಾದ ಜಾಗವನ್ನು ಬಿಟ್ಟು ಬಲಕ್ಕೆ ಹೊರಳಿತು. ಪ್ಲೇಟಿನ ಅಂಚನ್ನು ದಾಟಿತು. ದೊಡ್ಡದೊಂದು ಸುತ್ತು ಹೊಡೆದು, ಪ್ಲೇಟನ್ನು ಕಚ್ಚಿ ಹಿಡಿದಿದ್ದ ವೈಸಿನ ಹಿಂದಿನ ದವಡೆಯ ಮೇಲಿನಿಂದ ಹಾಯ್ದು ಹೊರಟ ಜಾಗಕ್ಕೆ ಬಂದು ನಿಂತಿತು. ವೃತ್ತವೇನೋ ವೃತ್ತವೇ, ಸ್ವಲ್ಪವೂ ಓರೆಕೋರೆಯಿಲ್ಲ. ಇರಬೇಕಾದ ಜಾಗ ಅದಲ್ಲ. ಶೆಡ್ಡಿನಲ್ಲಿ ಯಾರೂ ಮಾತನಾಡಲಿಲ್ಲ. ಗುಳಿಯ ಆಳ 15 ಮಿಲಿಮೀಟರ್. ಐದೈದರಂತೆ ಮೂರು ಪದರಗಳಲ್ಲಿ ಕೊರೆಯಬೇಕಾದದ್ದು. ಗಾಳಿಯಲ್ಲಲ್ಲದೆ ನಿಜವಾಗಿ ಓಡಿಸಿದ್ದರೆ ಮೊದಲ ಪದರಕ್ಕೆ ಪ್ಲೇಟು ಕೆಡುತ್ತಿತ್ತು. ಮೂರನೆಯ ಪದರಕ್ಕೆ ಟೂಲು ವೈಸಿನ ಉಕ್ಕಿನ ದವಡೆಗೆ ಬಡಿಯುತ್ತಿತ್ತು. ಟೂಲು ಮುರಿದರೆ ಸಾವಿರಗಳಲ್ಲಿ ಮುಗಿಯುತ್ತದೆ. ಸ್ಪಿಂಡಲ್ಲಿಗೆ ಪೆಟ್ಟಾದರೆ ಲಕ್ಷಗಳ ಮಾತು, ವಾರಗಟ್ಟಲೆ ಯಂತ್ರ ನಿಂತ ಮಾತು. ಶಿಷ್ಯ ಮುಖ ಒರೆಸಿಕೊಂಡು ಅಲ್ಲಿಯೇ ಕುಳಿತುಬಿಟ್ಟ.

ಆಗ ನಾನು ಹುಡುಗನಿಗೆ, "ಆ ಚಿತ್ರ ಬೇಡಪ್ಪ, ಯಂತ್ರಕ್ಕೆ ಕಳಿಸಿದ ಸಾಲುಗಳನ್ನೇ ತೋರಿಸು," ಎಂದೆ. ಮೊದಲು ಅಲಾರ್ಮ್ ಕೊಟ್ಟ ಫೈಲನ್ನು ಅವನು ನೋಟ್‌ಪ್ಯಾಡಿನಲ್ಲಿ ತೆರೆದ. ಸಾಲು ಹೀಗಿತ್ತು:

ಜಿ01 ಎಕ್ಸ್75. ವೈ40.
ಜಿ03 ಎಕ್ಸ್50. ವೈ65. ಐ50. ಜೆ40.

ಅಲಾರ್ಮ್ ಬಂದ ಜಾಗ ಇದೇ. ಕಂಸ (75, 40) ಎಂಬ ಬಿಂದುವಿನಲ್ಲಿ ಹೊರಟು (50, 65) ಎಂಬ ಬಿಂದುವಿನಲ್ಲಿ ಮುಗಿಯಬೇಕು. ಐ ಮತ್ತು ಜೆ ಎಂಬವು ಕೇಂದ್ರವನ್ನು ತಿಳಿಸುವ ಸಂಖ್ಯೆಗಳು. ನಕ್ಷೆಯಲ್ಲಿ ಗುಳಿಯ ಕೇಂದ್ರ (50, 40). ಫೈಲಿನಲ್ಲಿರುವುದೂ 50 ಮತ್ತು 40. ಮೇಲುನೋಟಕ್ಕೆ ಎಲ್ಲವೂ ಸರಿ. "ಈ ಮಿಷಿನ್ದಾಗ ಐ, ಜೆ ಹಂಗಲ್ರಿ ಸರ," ಎಂದ ಆಪರೇಟರ್. "ಹೊರಟ ಪಾಯಿಂಟಿನಿಂದ ಸೆಂಟರ್ ಎಷ್ಟು ದೂರ ಐತಿ ಅನ್ನೂದನ್ನ ಬರೀಬೇಕ್ರಿ."

ಹಳೆಯ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಮಾಡಿದೆವು. ಯಂತ್ರ ಹೊರಟ ಬಿಂದುವಿಗೆ 50 ಮತ್ತು 40ನ್ನು ಕೂಡಿಸಿ ಕೇಂದ್ರವನ್ನು (125, 80) ಎಂದು ತಿಳಿದಿದೆ. ಆ ಕೇಂದ್ರದಿಂದ ಆರಂಭ ಬಿಂದುವಿಗೆ ದೂರವೆಷ್ಟು? 50ರ ವರ್ಗ 2500, 40ರ ವರ್ಗ 1600, ಕೂಡಿದರೆ 4100, ವರ್ಗಮೂಲ ಸುಮಾರು 64.03. ಅಂತ್ಯ ಬಿಂದುವಿಗೆ? 75ರ ವರ್ಗ 5625, 15ರ ವರ್ಗ 225, ಕೂಡಿದರೆ 5850, ವರ್ಗಮೂಲ ಸುಮಾರು 76.49. ಒಂದೇ ವೃತ್ತದ ಎರಡು ತ್ರಿಜ್ಯಗಳು 64 ಮತ್ತು 76 ಆಗುವುದು ಹೇಗೆ? ಯಂತ್ರ ನ್ಯಾಯವಾಗಿಯೇ ಕೂಗಿಕೊಂಡಿತ್ತು. ಅದು ಪ್ರತಿ ಕಂಸಕ್ಕೂ ಪೈಥಾಗೊರಸನ ಲೆಕ್ಕವನ್ನು ಮಾಡಿನೋಡುತ್ತದೆ, ನಾನು ಉತ್ತರಪತ್ರಿಕೆ ತಿದ್ದುವಾಗ ಮಾಡುತ್ತಿದ್ದಂತೆ.

ಹಾಗಾದರೆ ಇಡೀ ವೃತ್ತವಾಗಿ ಬರೆದಾಗ ಯಂತ್ರ ಏಕೆ ಸುಮ್ಮನಾಯಿತು? ಇದು ನನ್ನನ್ನು ಬಹಳ ಹೊತ್ತು ಹಿಡಿದಿಟ್ಟ ಪ್ರಶ್ನೆ, ಉತ್ತರ ಸರಳ. ಪೂರ್ಣ ವೃತ್ತದಲ್ಲಿ ಹೊರಟ ಬಿಂದುವೂ ಮುಗಿಯುವ ಬಿಂದುವೂ ಒಂದೇ. ಕೇಂದ್ರ ಬೆಂಗಳೂರಿನಲ್ಲಿರಲಿ, ಬೀದರಿನಲ್ಲಿರಲಿ, ಒಂದೇ ಬಿಂದುವಿಗೆ ಅದರಿಂದಿರುವ ದೂರ ಎರಡು ಸಲ ಅಳೆದರೂ ಒಂದೇ. ಪರೀಕ್ಷೆಯಲ್ಲಿ ಯಂತ್ರಕ್ಕೆ ತಪ್ಪು ಸಿಗುವ ಮಾರ್ಗವೇ ಇಲ್ಲ. ಹುಡುಗನ ಉಪಾಯ ರೋಗವನ್ನು ವಾಸಿಮಾಡಿರಲಿಲ್ಲ, ರೋಗಿಯ ಬಾಯಿಗೆ ಬಟ್ಟೆ ತುರುಕಿತ್ತು. ಅದೇ 64 ಮಿಲಿಮೀಟರ್ ತ್ರಿಜ್ಯದಲ್ಲಿ (125, 80)ರ ಸುತ್ತ ಯಂತ್ರ ನೆಮ್ಮದಿಯಿಂದ ಸುತ್ತು ಹಾಕಿತು. ಪ್ಲೇಟಿನ ಉದ್ದ ಬರೀ 100 ಮಿಲಿಮೀಟರ್. ಟೂಲು 189ರವರೆಗೆ ಹೋಗಿತ್ತು.

ಮೂಲ ಕಾರಣ ತಿಳಿಯಲು ಆಮೇಲೆ ಐದು ನಿಮಿಷ ಸಾಕಾಯಿತು. ಹುಡುಗ ಆರಿಸಿಕೊಂಡಿದ್ದ ಪೋಸ್ಟ್ ಅವನಿಗೆ ಪರಿಚಿತವಾಗಿದ್ದ ಮರದ ರೂಟರಿನದು. ಆ ರೂಟರಿನಲ್ಲಿ ಕೇಂದ್ರವನ್ನು ನಕ್ಷೆಯ ಮೂಲಬಿಂದುವಿನಿಂದಲೇ ಅಳೆಯುವಂತೆ ಹೊಂದಿಸಿದ್ದರಂತೆ. ಇಲ್ಲಿ ಹೊರಟ ಬಿಂದುವಿನಿಂದ ಅಳೆಯಬೇಕು. ಎರಡೂ ಪದ್ಧತಿಗಳು ಗಣಿತದ ದೃಷ್ಟಿಯಿಂದ ನಿರ್ದುಷ್ಟವೇ. ಶೇಕಡಾ ಚಿಹ್ನೆ, ಕ್ರಮಸಂಖ್ಯೆಗಳು ಇಲ್ಲದಿದ್ದುದಕ್ಕೂ ಕಾರಣ ಅದೇ. ರೂಟರಿಗೆ ಅವು ಬೇಕಿರಲಿಲ್ಲ. ಪಟ್ಟಿಯಲ್ಲಿ ಈ ಕಂಟ್ರೋಲಿಗೆ ತಕ್ಕ ಪೋಸ್ಟ್ ಇತ್ತು. ಅದನ್ನು ಆರಿಸಿ, ವೃತ್ತವನ್ನು ಮತ್ತೆ ನಾಲ್ಕು ಕಾಲುಗಳಾಗಿಸಿ ಕೋಡ್ ತೆಗೆದಾಗ ಅದೇ ಸಾಲಿನ ಕೊನೆಯಲ್ಲಿ ಐ ಮೈನಸ್ 25, ಜೆ ಸೊನ್ನೆ ಎಂದು ಬಂದಿತು. 75ರಿಂದ 25 ಕಳೆದರೆ 50. 40ಕ್ಕೆ ಸೊನ್ನೆ ಕೂಡಿದರೆ 40. ಕೇಂದ್ರ ಮನೆಗೆ ಮರಳಿತ್ತು. ಎರಡೂ ತುದಿಗಳಿಗೆ ದೂರ 25. ಹುಡುಗ ತಾನೇ ಉಳಿದ ಮೂರು ಕಂಸಗಳನ್ನೂ ಲೆಕ್ಕಹಾಕಿ ನೋಡಿದ, ನಾನು ಹೇಳಲಿಲ್ಲ.

ಹುಡುಗನನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವನನ್ನು ದಾರಿತಪ್ಪಿಸಿದ್ದು ಪರದೆಯ ಮೇಲಿನ ಆ ಸೊಗಸಾದ ಚಿತ್ರ. ಅದು ತಂತ್ರಾಂಶ ತನ್ನ ಮನಸ್ಸಿನಲ್ಲಿರುವುದನ್ನು ತಾನೇ ಬಿಡಿಸಿಕೊಂಡ ಚಿತ್ರ; ದುಭಾಷಿಯ ಕೈಗೆ ಮಾತು ಹೋಗುವುದಕ್ಕೆ ಮೊದಲಿನದು. ಯಂತ್ರದ ಕಿವಿಗೆ ಬಿದ್ದದ್ದೇನೆಂಬುದು ಆ ಚಿತ್ರಕ್ಕೆ ಗೊತ್ತಿಲ್ಲ. ಹೊರಬಂದ ಕೋಡನ್ನೇ ಮರಳಿ ಓದಿ ಚಿತ್ರ ಬಿಡಿಸುವ ತಂತ್ರಾಂಶಗಳೂ ಇವೆಯೆಂದು ಹುಡುಗ ಆಮೇಲೆ ತೋರಿಸಿದ. ಒಳ್ಳೆಯದೇ, ಆದರೆ ಆ ತಂತ್ರಾಂಶಕ್ಕೂ ನಮ್ಮ ಯಂತ್ರ ಐ, ಜೆಗಳನ್ನು ಹೇಗೆ ಅರ್ಥಮಾಡಿಕೊಳ್ಳುತ್ತದೆಂದು ಯಾರಾದರೂ ಮೊದಲೇ ಹೇಳಿಕೊಟ್ಟಿರಬೇಕಲ್ಲ!

ಅಂದು ಆಪರೇಟರ್ ಇನ್ನೊಂದು ಸಂಗತಿಯನ್ನೂ ಹೇಳಿದ. ಗಮನಿಸಿ, ಮೇಲಿನ ಸಾಲುಗಳಲ್ಲಿ 75ರ ಮುಂದೊಂದು ಚುಕ್ಕೆಯಿದೆ. ಪಾಠಶಾಲೆಯಲ್ಲಿ 75ಕ್ಕೂ ಚುಕ್ಕೆಯಿಟ್ಟ 75ಕ್ಕೂ ವ್ಯತ್ಯಾಸವಿಲ್ಲ. ಚುಕ್ಕೆಯಿಟ್ಟು ಮುಂದೇನೂ ಬರೆಯದ ಮಕ್ಕಳನ್ನು ನಾನು ಗದರಿಸುತ್ತಿದ್ದುದೂ ಉಂಟು. ಈ ಬಗೆಯ ಅನೇಕ ಕಂಟ್ರೋಲುಗಳಲ್ಲಿ, ಹೊಂದಿಕೆ ಬದಲಿಸದಿದ್ದರೆ, ಚುಕ್ಕೆಯಿಲ್ಲದ 75 ಎಂದರೆ 75 ಮಿಲಿಮೀಟರಿನ ಸಾವಿರದೊಂದು ಭಾಗ, ಅಂದರೆ 0.075! ಚುಕ್ಕೆಯಿಡದ ಪೋಸ್ಟಿನಿಂದಾಗಿ ಟೂಲು ಇದ್ದಲ್ಲಿಯೇ ನಡುಗಿ ನಿಂತದ್ದನ್ನು ಅವನು ಹಿಂದಿನ ಕೆಲಸದಲ್ಲಿ ಕಂಡಿದ್ದನಂತೆ. ಅಂಗುಲ ಮತ್ತು ಮಿಲಿಮೀಟರುಗಳ ಗೊಂದಲ ಇನ್ನೊಂದು. ಜಿ20 ಇದ್ದರೆ ಅಂಗುಲ, ಜಿ21 ಇದ್ದರೆ ಮಿಲಿಮೀಟರ್, ತಪ್ಪಿದರೆ 25.4 ಪಟ್ಟು. 1999ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ಮಂಗಳನ ಬಳಿ ನಾಶವಾದದ್ದು ಇಂಥದೇ ಮಾನಗಳ ಗೊಂದಲದಿಂದ.

ಅಂದು ಮತ್ತೊಮ್ಮೆ ಗಾಳಿಯಲ್ಲಿ ಓಡಿಸಿ, ನಂತರ ಒಂದೊಂದೇ ಸಾಲಿನಂತೆ ನಡೆಸಿ, ಮೊದಲ ಪ್ಲೇಟನ್ನು ಕೊರೆಯುವಾಗ ರಾತ್ರಿ ಎಂಟಾಗಿತ್ತು. 10 ಮಿಲಿಮೀಟರಿನ ಟೂಲು. ಗುಳಿಯ ವ್ಯಾಸ 60 ಬರಬೇಕು. ಆಪರೇಟರ್ ವರ್ನಿಯರ್ ಹಿಡಿದು ಎರಡು ದಿಕ್ಕಿನಲ್ಲಿ ಅಳೆದು, "ಅಡ್ಡಿಯಿಲ್ರಿ," ಎಂದ. ನಲವತ್ತೂ ಸೋಮವಾರ ಮಧ್ಯಾಹ್ನಕ್ಕೆ ಹೋದವು. ಹಳೆಯ ಪೋಸ್ಟನ್ನು ಹುಡುಗ ಪಟ್ಟಿಯಿಂದಲೇ ತೆಗೆದುಹಾಕಿದ. ಗಿರಾಕಿಯ ಹೆಸರನ್ನು ಈಗ ರಿಜಿಸ್ಟರಿನಲ್ಲಿ ಕನ್ನಡದಲ್ಲಿ ಬರೆದು ಎದುರಿಗೆ ಓ ಸಂಖ್ಯೆ ಹಾಕುತ್ತಾನೆ.

ಮುಂದಿನ ವಾರ ನಾನು ಹೋದಾಗ ಕಾಫಿ ಸಿದ್ಧವಾಗಿತ್ತು. ಆಪರೇಟರ್ ಯಂತ್ರ ನಿಲ್ಲಿಸಿ ಬಂದು, ಸಂಕೋಚದಿಂದಲೇ ಒಂದು ಪ್ರಶ್ನೆ ಕೇಳಿದ. ಐ, ಜೆಗಳ ಬದಲು ತ್ರಿಜ್ಯವನ್ನೇ 'ಆರ್' ಎಂದು ಕೊಟ್ಟು ಕಂಸ ಬರೆಯುವ ಪದ್ಧತಿಯೂ ಇದೆ. "ಅರ್ಧ ವೃತ್ತ, ಕಾಲು ವೃತ್ತಕ್ಕ ಆರ್ ನಡಿತೈತ್ರಿ. ಪೂರ್ತಿ ವೃತ್ತಕ್ಕ ಯಾಕ ನಡ್ಯಾಂಗಿಲ್ರಿ ಸರ?"

ಮಾರ್ಕಿಂಗ್ ಮಾಡುವ ಸೀಮೆಸುಣ್ಣ ಅಲ್ಲಿಯೇ ಇತ್ತು. ನೆಲದ ಮೇಲೆ ಎರಡು ಬಿಂದುಗಳನ್ನಿಟ್ಟು, ಒಂದೇ ತ್ರಿಜ್ಯದಲ್ಲಿ ಅವೆರಡರ ಮೂಲಕವೂ ಹಾಯುವ ವೃತ್ತಗಳು ಎರಡೇ ಎಂದು ತೋರಿಸಿದೆ. ಅನಂತರ ಒಂದು ಬಿಂದುವನ್ನು ಕಾಲಿನಿಂದ ಒರೆಸಿಹಾಕಿ, ಉಳಿದ ಒಂದರ ಮೂಲಕ ಅದೇ ತ್ರಿಜ್ಯದ ವೃತ್ತಗಳು ಎಷ್ಟು ಬರಬಹುದೆಂದು ಕೇಳಿ ಸೀಮೆಸುಣ್ಣವನ್ನು ಅವನ ಕೈಗೆ ಕೊಟ್ಟೆ. ಅವನು ಒಂದು ಬರೆದ, ಎರಡು ಬರೆದ, ಐದು ಬರೆದ. ಆರನೆಯದಕ್ಕೆ ಬಗ್ಗಿದವನು ಹಾಗೆಯೇ ತಲೆಯೆತ್ತಿ ನಕ್ಕ. ಅಷ್ಟರಲ್ಲಿ ಕಾಫಿ ಆರಿಹೋಗಿತ್ತು.